ಜಸ್ಟಿನಾ ಬಿದ್ದದ್ದಲ್ಲ

ಜಸ್ಟಿನಾ ಪ್ಲೆಟ್‌ಳನ್ನು ನಮ್ಮ ಆಸ್ಪತ್ರೆಗೆ ತಂದದ್ದು ಒಂದು ಭಾನುವಾರ, ಚರ್ಚುಗಳು ಬಿಡುವ ಹೊತ್ತಿಗೆ. ಆಂಬುಲೆನ್ಸಿನವರ ಹತ್ತಿರ ಇದ್ದ ವಿವರ ಇಷ್ಟೇ: ಮೆಟ್ಟಿಲಿನಿಂದ ಬಿದ್ದಿದ್ದಾಳೆ, ಗಂಡ ನೋಡಿ ಫೋನ್ ಮಾಡಿದ. ಅವಳ ತಲೆಯ ಎಡಭಾಗ ಊದಿಕೊಂಡಿತ್ತು, ಒಂದು ಕಣ್ಣು ಪೂರಾ ಮುಚ್ಚಿತ್ತು. ಪ್ರಜ್ಞೆ ಇರಲಿಲ್ಲ.

ನಾನು ಆ ಆಸ್ಪತ್ರೆಯಲ್ಲಿ ನರ್ಸ್. ಹೆಸರು ಲಿಗಾಯಾ. ಮನಿಲಾದಿಂದ ಕೆನಡಾದ ವಿನಿಪೆಗ್‌ಗೆ ಬಂದು ಎಷ್ಟು ಚಳಿಗಾಲ ಕಳೆದೆನೋ ಲೆಕ್ಕ ಇಟ್ಟಿಲ್ಲ. ಆಗ ನನ್ನ ಕೆಲಸ ವಾರ್ಡಿನದಲ್ಲ, ಡಾಕ್ಟರ್ ಬಾಲ್ಡುರ್ ಸಿಗುರ್ಡ್ಸನ್ ಅವರ ಔಷಧಿ ಪರೀಕ್ಷೆಯದು. ತಲೆಗೆ ಪೆಟ್ಟು ಬಿದ್ದು ಬಂದವರಲ್ಲಿ ಪರೀಕ್ಷೆಗೆ ಹೊಂದುವವರನ್ನು ಹುಡುಕುವುದು, ಮನೆಯವರಿಗೆ ವಿಷಯ ತಿಳಿಸುವುದು, ಒಪ್ಪಿದರೆ ಸಹಿ ಹಾಕಿಸಿಕೊಂಡು ಡ್ರಿಪ್ ಏರಿಸುವುದು, ಆಮೇಲೆ ತಿಂಗಳುಗಟ್ಟಲೆ ಅವರ ಹಿಂದೆ ಬೀಳುವುದು.

ಸಿಗುರ್ಡ್ಸನ್ ಗಿಮ್ಲಿ ಎಂಬ ಊರಿನ ಮೀನುಗಾರರ ಮಗ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಮನುಷ್ಯ. ಇಪ್ಪತ್ತು ವರ್ಷ ಇಲಿಗಳ ಜೊತೆ ಹೆಣಗಾಡಿ ಆ ಔಷಧಿ ಮಾಡಿದ್ದರು. ಮೊದಲು ಮಾಡಿದ ಹದಿನಾರೂ ಕೈಕೊಟ್ಟಿದ್ದರಿಂದ ಇದನ್ನು ನಾವೆಲ್ಲ ‘ಹದಿನೇಳು’ ಅಂತಲೇ ಕರೆಯುತ್ತಿದ್ದೆವು. ಮನೆಯವರಿಗೆ ಅವರು ಹೇಳುತ್ತಿದ್ದದ್ದು ನನಗೆ ಬಾಯಿಪಾಠ ಆಗಿಹೋಗಿತ್ತು. “ತಲೆಗೆ ಏಟು ಬಿದ್ದಾಗ ಆಗೋ ಹಾನಿ ಅರ್ಧ. ಇನ್ನರ್ಧ ಆಮೇಲೆ ಆಗುತ್ತೆ. ಮಿದುಳಿನ ಕಾವಲು ಕೋಶಗಳು ಸತ್ತಿದ್ದನ್ನ ಗುಡಿಸೋಕೆ ಅಂತ ಬರ್ತವೆ. ಬಂದವು ನಿಲ್ಲಿಸೋದೇ ಇಲ್ಲ, ನೆಟ್ಟಗಿರೋದನ್ನೂ ಕಡಿಯೋಕೆ ಶುರು ಮಾಡ್ತವೆ. ಇದಕ್ಕೆ ಉರಿಯೂತ ಅಂತೀವಿ. ಕಳ್ಳ ಓಡಿಹೋದ ಮೇಲೆ ಪೊಲೀಸರು ಬಂದು ಮನೆಯವರನ್ನೇ ಬಡಿದ ಹಾಗೆ. ಆ ಪೊಲೀಸರ ಕೈ ಹಿಡಿಯೋದೇ ನಮ್ಮ ಔಷಧಿ ಕೆಲಸ.”

ಕೈ ಹಿಡಿಯಬೇಕೆಂದರೆ ಬೇಗ ಹಿಡಿಯಬೇಕು. ಪೆಟ್ಟು ಬಿದ್ದ ದಿನವೇ ಡ್ರಿಪ್ ಶುರುವಾಗಬೇಕು, ಐದು ದಿನ ಎಡೆಬಿಡದೆ ಹರಿಯಬೇಕು. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಹತ್ತಿರದ ಸಂಬಂಧಿ ಸಹಿ ಹಾಕಬೇಕು. ಮದುವೆಯಾದವಳಿಗೆ ಹತ್ತಿರದ ಸಂಬಂಧಿ ಅಂದರೆ ಗಂಡ.

ಗಂಡ ಕಾರ್ನಿ ಪ್ಲೆಟ್, ರೋಗಿಗಳ ಮನೆಯವರು ಕಾಯುವ ಕೋಣೆಯಲ್ಲಿ ಕೂತಿದ್ದ. ಅಡುಗೆಮನೆಯ ಮರದ ಕಪಾಟು ಮಾಡುವ ಬಡಗಿ, ಗಡಿ ಹತ್ತಿರದ ಲಿಂಡೆನ್‌ಹೋಫ್ ಎಂಬ, ಮೆನೊನೈಟ್ ಕ್ರೈಸ್ತ ಪಂಗಡದವರ ಹಳ್ಳಿಯವನು. ಆ ಜನ ಆಯುಧ ಮುಟ್ಟುವುದಿಲ್ಲ, ಯುದ್ಧಕ್ಕೆ ಹೋಗುವುದಿಲ್ಲ, ಕೋರ್ಟು ಹತ್ತುವುದಿಲ್ಲ. ನಮ್ಮ ವಾರ್ಡಿನಲ್ಲೇ ಅಂಥವರು ಐದಾರು ಜನ ಕೆಲಸಕ್ಕಿದ್ದರು, ಒಬ್ಬರಿಗಿಂತ ಒಬ್ಬರು ಒಳ್ಳೆಯವರು. ಕಾರ್ನಿಯ ಅಂಗಿ ಇಸ್ತ್ರಿ ಹಾಕಿದ್ದು, ಮಾತು ಮೆಲ್ಲಗೆ. ಡಾಕ್ಟರ್ ಹೇಳಿದ್ದನ್ನೆಲ್ಲ ತಲೆ ಬಗ್ಗಿಸಿ ಕೇಳಿದ. ಆಮೇಲೆ ನನ್ನ ಕಡೆ ತಿರುಗಿದ.

“ಹೇಗೆ ಪೆಟ್ಟಾಯ್ತು ಅಂತ ಮತ್ತೆ ಮತ್ತೆ ಕೇಳ್ತೀರಾ?”

“ಕೇಳ್ತೀವಿ. ಬರ್ಕೋಬೇಕಾಗುತ್ತೆ,” ಅಂದೆ.

“ಸ್ಕ್ಯಾನ್ ಚಿತ್ರ ಬೇರೆ ಊರಿನ ಡಾಕ್ಟ್ರೂ ನೋಡ್ತಾರಾ?”

“ಹೌದು.”

“ಹಾಗಾದ್ರೆ ಬೇಡ. ನನ್ನ ಹೆಂಡ್ತೀನ ಇಲಿ ಮಾಡೋಕೆ ನನಗೆ ಮನಸ್ಸಿಲ್ಲ. ದೇವರ ಚಿತ್ತ ಇದ್ದ ಹಾಗೆ ಆಗಲಿ.”

ಬೇಡ ಅನ್ನುವವರು ದಿನಾ ಸಿಗುತ್ತಾರೆ, ಅದರಲ್ಲಿ ವಿಶೇಷ ಇಲ್ಲ. ಆದರೆ ಇಂಥ ಪ್ರಶ್ನೆ ಕೇಳಿ ಬೇಡ ಅಂದವರನ್ನು ನಾನು ನೋಡಿರಲಿಲ್ಲ. ಹೊರಗೆ ಬಂದ ಮೇಲೆ ಡಾಕ್ಟರ್‌ಗೆ ಹೇಳಿದೆ.

“ಈ ಮನುಷ್ಯನೇ ಹೊಡೆದಿದ್ದಾನೆ ಅನ್ನಿಸುತ್ತೆ.”

“ಅನ್ನಿಸೋದನ್ನ ಪೊಲೀಸರು ನೋಡ್ಕೋತಾರೆ ಲಿಗಾಯಾ. ನಮಗೆ ಸಹಿ ಇಲ್ಲ, ಅಷ್ಟೇ. ಮುಂದಿನ ರೋಗಿ ನೋಡು.”

ಅಷ್ಟರಲ್ಲಿ ಜಸ್ಟಿನಾಳ ಅಕ್ಕ ಬಂದಳು. ಅಗಾಥಾ ಲೋವೆನ್, ನಗರ ಸಾರಿಗೆಯ ಬಸ್ ಡ್ರೈವರ್. ಅದೇ ಸಮವಸ್ತ್ರದಲ್ಲಿ, ಬೂಟಿನ ಹಿಮ ಕೂಡ ಒದರದೆ ನೇರ ಒಳಗೆ ನುಗ್ಗಿದಳು. ಹದಿನೆಂಟಕ್ಕೇ ಹಳ್ಳಿ ಬಿಟ್ಟು ಬಂದವಳಂತೆ. ತಂಗಿಯನ್ನು ಗಾಜಿನಾಚೆಯಿಂದ ನೋಡಿದಳು. ಅಳಲಿಲ್ಲ. ಹಣೆಯನ್ನು ಗಾಜಿಗೆ ಒತ್ತಿ ಸ್ವಲ್ಪ ಹೊತ್ತು ನಿಂತಳು, ಆಮೇಲೆ ತಿರುಗಿ ಕೇಳಿದಳು.

“ಏನಂತ ಬರ್ಕೊಂಡಿದ್ದೀರಿ?”

“ಮೆಟ್ಟಿಲಿನಿಂದ ಬಿದ್ದಿದ್ದು ಅಂತ.”

“ಯಾವ ಮೆಟ್ಟಿಲು? ಅವರಿರೋದು ಟ್ರೈಲರ್ ಮನೇಲಿ. ಬಾಗಿಲ ಮುಂದೆ ಮೂರೇ ಮೂರು ಹಲಗೆ. ಅಲ್ಲಿಂದ ಬಿದ್ರೆ ಮೊಣಕಾಲು ತರಚುತ್ತೆ ಸಿಸ್ಟರ್, ತಲೆಬುರುಡೆ ಬಿರಿಯಲ್ಲ.”

ಸಿಗುರ್ಡ್ಸನ್ ಹತ್ತಿರ ಬಂದರು. “ನೋಡಮ್ಮ, ನಮಗೆ ಮನೆಯವರು ಹೇಳಿದ್ದನ್ನೇ ಬರ್ಕೋಬೇಕಾಗುತ್ತೆ.”

“ನಿಮ್ಮ ಈ ಪರೀಕ್ಷೇಲಿ ಹೆಂಗಸರು ಇದ್ದಾರಾ ಡಾಕ್ಟ್ರೇ?”

“ಇದ್ದಾರೆ.”

“ಅವರಿಗೆ ಪೆಟ್ಟು ಹೇಗಾಯ್ತಂತೆ?”

ಡಾಕ್ಟರ್ ನನ್ನ ಮುಖ ನೋಡಿದರು. ನಾನೇ ಹೇಳಿದೆ. “ಕೆಲವರಿಗೆ ಕಾರು ಅಪಘಾತ. ಉಳಿದವರು ಬಿದ್ದಿದ್ದು.”

“ಬಿದ್ದಿದ್ದು,” ಅಂದಳು ಅಗಾಥಾ. “ಈ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಒಂದು ಗುಡ್ಡ ಇಲ್ಲ. ರೊಟ್ಟಿ ತಟ್ಟಿದ ಹಾಗಿದೆ ನೆಲ. ದಿನಾ ಬಸ್ ಓಡಿಸ್ತೀನಿ, ಒಂದು ಏರು ಸಿಗಲ್ಲ ನನಗೆ. ಇಷ್ಟೊಂದು ಹೆಂಗಸರು ಎಲ್ಲಿಂದ ಬೀಳ್ತಾರೆ ಡಾಕ್ಟ್ರೇ?”

ಬಿದ್ದಿದ್ದು ಅಂತ ನಾನೇ ಬರೆದುಕೊಂಡಿದ್ದ ಎಷ್ಟೋ ಹೆಂಗಸರ ಮುಖಗಳು ಕಣ್ಣ ಮುಂದೆ ಬಂದವು.

ಅಗಾಥಾಗೆ ಹದಿನೇಳರ ವಿಷಯ ಹೇಳಿದೆ. ಔಷಧಿ ಕೆಲಸ ಮಾಡುತ್ತದೆ ಅನ್ನುವ ಖಾತ್ರಿ ಇಲ್ಲ, ಚೀಲದಲ್ಲಿ ಔಷಧಿಯೂ ಇರಬಹುದು, ಬರೀ ಉಪ್ಪುನೀರೂ ಇರಬಹುದು, ಯಾರಿಗೆ ಯಾವುದು ಅಂತ ನಮಗೂ ಗೊತ್ತಾಗದ ಹಾಗೆ ಇಟ್ಟಿರುತ್ತಾರೆ, ಇದನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ. “ಇದು ಬಿಟ್ಟರೆ ಆ ಊತಕ್ಕೆ ಬೇರೆ ಔಷಧಿ ಏನಿದೆ?”

“ಏನೂ ಇಲ್ಲ. ತಲೆಯೊಳಗಿನ ಒತ್ತಡ ಇಳಿಸ್ತಾರೆ, ಕಾಯ್ತಾರೆ.”

“ನಾನು ಸಹಿ ಹಾಕ್ತೀನಿ.”

“ಗಂಡ ಇರೋವಾಗ ನಿಮ್ಮ ಸಹಿ ನಡೆಯಲ್ಲ.”

ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. “ಅಂದ್ರೆ, ಅವಳ ತಲೆ ಒಡೆದವನೇ ಆ ತಲೆಗೆ ಯಜಮಾನ. ಹೌದಾ?”

“ಕಾನೂನು ಹಾಗಿದೆ.”

ಅಗಾಥಾ ನೇರ ಕಾರ್ನಿ ಕೂತಿದ್ದ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು. ಒಳಗೆ ನಡೆದದ್ದನ್ನು ನನಗೆ ಆಮೇಲೆ ಅವಳೇ ಹೇಳಿದಳು.

“ಆ ಔಷಧಿ ಯಾಕೆ ಬೇಡ ಅಂದೆ?” ಅಂತ ಕೇಳಿದಳಂತೆ.

“ನೀನು ಹಳ್ಳಿ ಬಿಟ್ಟವಳು. ನಮ್ಮ ಮನೆ ವಿಷಯಕ್ಕೆ ಬರಬೇಡ,” ಅಂದನಂತೆ ಕಾರ್ನಿ.

“ಏನು ಮಾಡಿದ್ರೆ ಒಪ್ಕೋತೀಯ ಹೇಳು.”

ಅವನು ಯೋಚಿಸಿದ. “ಅವಳು ಬಿದ್ದಳು. ನೀನು ಇವತ್ತೂ ಮುಂದಕ್ಕೂ ಬೇರೆ ಮಾತಾಡಬಾರದು. ನಿನ್ನ ಫೋನಲ್ಲಿರೋ ಫೋಟೋಗಳೂ ಹೊರಗೆ ಬರಬಾರದು. ಮಾತು ಕೊಡು.”

ಫೋಟೋ ಅಂದರೆ, ಹಿಂದಿನ ವರ್ಷಗಳಲ್ಲಿ ಏಟು ಬಿದ್ದಾಗಲೆಲ್ಲ ಜಸ್ಟಿನಾ ಅಕ್ಕನಿಗೆ ಕಳಿಸುತ್ತಿದ್ದ ಚಿತ್ರಗಳು. ನೋಡಿ ಅಳಿಸಿಬಿಡು ಅಂತ ಬೇಡಿಕೊಳ್ಳುತ್ತಿದ್ದಳಂತೆ. ಅಕ್ಕ ಅಳಿಸಿರಲಿಲ್ಲ, ಕಾರ್ನಿಗೆ ಅದರ ಸುಳಿವು ಸಿಕ್ಕಿತ್ತು.

ಮೆನೊನೈಟರು ಆಣೆ ಇಡುವುದಿಲ್ಲ. ಅವರಲ್ಲಿ ಹೌದು ಅಂದರೆ ಹೌದು, ಅದಕ್ಕಿಂತ ದೊಡ್ಡ ಆಣೆ ಇಲ್ಲ. ಹಳ್ಳಿ ಬಿಟ್ಟರೂ ಅಗಾಥಾ ಆ ಒಂದು ಸಂಗತಿಯನ್ನು ಬಿಟ್ಟಿರಲಿಲ್ಲ. ಇವಳು ಮಾತು ತಪ್ಪುವವಳಲ್ಲ ಅಂತ ಕಾರ್ನಿಗೂ ಗೊತ್ತಿತ್ತು.

“ಹೌದು,” ಅಂದಳು.

ಅವನು ನನ್ನನ್ನು ಕರೆದ, ಹೇಳಿದ ಕಡೆಗಳಲ್ಲೆಲ್ಲ ಸಹಿ ಹಾಕಿದ. ಅಕ್ಷರ ದುಂಡಗೆ ಚೆನ್ನಾಗಿತ್ತು. “ಮನಸ್ಸು ಬದಲಾಯಿಸಿದೆ,” ಅಂದ. ಅಗಾಥಾ ಗೋಡೆ ನೋಡುತ್ತ ನಿಂತಿದ್ದಳು. ಏನೋ ನಡೆದಿದೆ ಅನ್ನಿಸಿತು, ಏನಂತ ಗೊತ್ತಾಗಲಿಲ್ಲ. ಮಧ್ಯಾಹ್ನದ ಬಿಸಿಲು ಇರುವಾಗಲೇ ಡ್ರಿಪ್ ಏರಿತು. ಅಗಾಥಾ ತಂಗಿಯ ಮಂಚದ ಪಕ್ಕ ನಿಂತು, ಮೊದಲ ಹನಿ ಬೀಳುವುದನ್ನು, ಅದರ ಹಿಂದೆ ಇನ್ನೊಂದು ಬೀಳುವುದನ್ನು ನೋಡಿದಳು.

“ಹರೀತಾ ಇದೆಯಾ ಸಿಸ್ಟರ್?”

“ಹರೀತಾ ಇದೆ.”

“ಇನ್ನು ನಿಲ್ಲಲ್ಲ ತಾನೇ?”

“ನಿಲ್ಲಲ್ಲ.”

ಕೆಳಗೆ ಎಮರ್ಜೆನ್ಸಿ ಬಾಗಿಲಲ್ಲಿ ಯಾವುದೋ ಕುಡುಕನನ್ನು ಕರೆತಂದಿದ್ದ ಇಬ್ಬರು ಪೊಲೀಸರಿದ್ದರು. ಅಗಾಥಾ ಇಳಿದು ಹೋಗಿ ಅವರ ಕೈಗೆ ತನ್ನ ಫೋನ್ ಕೊಟ್ಟಳು.

ಸಂಜೆ ಅವರು ಕಾರ್ನಿಯನ್ನು ಕರೆದುಕೊಂಡು ಹೋಗುವಾಗ ಅವನು ಅವಳ ಮುಂದೆ ನಿಂತ. ಆಗಲೂ ದನಿ ಏರಲಿಲ್ಲ. “ಮಾತು ಕೊಟ್ಟಿದ್ದೆ ನೀನು.”

“ಕೊಟ್ಟಿದ್ದೆ. ಮುರಿದೆ,” ಅಂದಳು. “ಸುಳ್ಳುಬುರುಕಿ ಅಂತ ಊರಿಗೆಲ್ಲ ಸಾರು ಹೋಗು.”

ಮರುದಿನ ಬೆಳಿಗ್ಗೆ ಅಕ್ಕತಂಗಿಯರ ಅಪ್ಪ ಬಂದರು. ಅಬ್ರಾಮ್ ಲೋವೆನ್, ಹಳ್ಳಿಯ ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬರು. ಕೈಯಲ್ಲಿ ಟೋಪಿ, ಇನ್ನೊಂದು ಕೈಯಲ್ಲಿ ಮನೆಯಲ್ಲಿ ಸುಟ್ಟ ಬನ್ನಿನ ಚೀಲ. ಚಿಕ್ಕ ಮಗಳ ಪಕ್ಕ ಕೂತು ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಎದ್ದಾಗ ಕಣ್ಣು ಕೆಂಪಾಗಿತ್ತು. ಆಮೇಲೆ ದೊಡ್ಡ ಮಗಳನ್ನು ಕರೆದು ಕೇಳಿದರು, ನಾನು ಅಲ್ಲೇ ಇದ್ದೆ.

“ಪೊಲೀಸರ ಹತ್ತಿರ ಹೋದೆಯಂತೆ.”

“ಹೋದೆ ಅಪ್ಪ.”

“ನಾವು ಹಾಗೆ ಮಾಡೋ ಜನ ಅಲ್ಲ. ಕಾರ್ನಿ ತಪ್ಪು ಮಾಡಿದ್ರೆ ಸಭೆ ಮುಂದೆ ನಿಲ್ಲಿಸಿ ಕೇಳಬಹುದಿತ್ತು. ಅದೂ ಹೋಗಲಿ. ಹೌದು ಅಂತ ಮಾತು ಕೊಟ್ಟು ಮುರಿದೆಯಂತಲ್ಲ ಮಗಳೇ.”

“ಅವಳ ತಲೆ ಮುರಿದಿದ್ದಕ್ಕಿಂತ ನಾನು ಮಾತು ಮುರಿದಿದ್ದು ದೊಡ್ಡದಾಯ್ತಾ ಅಪ್ಪ?”

“ಹಾಗಲ್ಲ ನಾನು ಹೇಳಿದ್ದು.”

“ಹಾಗೇ ಹೇಳಿದ್ದು. ಎರಡು ವರ್ಷದ ಹಿಂದೆ ಅವಳು ನಿಮ್ಮ ಮನೆಗೆ ಓಡಿ ಬಂದಿದ್ದಳು. ನೀವೇ ಅವನಿಗೆ ಬುದ್ಧಿ ಹೇಳಿ, ಇವಳಿಗೆ ಕ್ಷಮಿಸು ಅಂತ ಹೇಳಿ, ನಿಮ್ಮ ಗಾಡೀಲೇ ಕೂರಿಸಿಕೊಂಡು ವಾಪಸ್ ಬಿಟ್ಟು ಬಂದ್ರಿ. ಶಾಂತಿ ಶಾಂತಿ ಅಂತೀರಲ್ಲ, ಅದರ ಲೆಕ್ಕ ಯಾವಾಗಲೂ ಇವಳ ಮೈ ಮೇಲೇ ಯಾಕೆ ಚುಕ್ತಾ ಆಗಬೇಕು?”

ಮುದುಕರು ಬನ್ನಿನ ಚೀಲ ಕುರ್ಚಿ ಮೇಲೆ ಇಟ್ಟು ಹೊರಗೆ ಹೋದರು. ಅಗಾಥಾ ಅದನ್ನು ಮುಟ್ಟಲಿಲ್ಲ. ಕೊನೆಗೆ ನಾನೇ ನರ್ಸುಗಳ ಕೋಣೆಗೆ ಒಯ್ದೆ.

ಅದೇ ದಿನ ಮಧ್ಯಾಹ್ನ ಕಾರ್ನಿಯ ವಕೀಲರು ಆಸ್ಪತ್ರೆಗೆ ಫೋನ್ ಮಾಡಿದರು. ಅವನು ಒಪ್ಪಿಗೆ ವಾಪಸ್ ತಗೊಂಡಿದ್ದಾನೆ, ಡ್ರಿಪ್ ನಿಲ್ಲಿಸಬೇಕು. ಹೊಡೆದ ಆರೋಪದ ಮೇಲೆ ಲಾಕಪ್ಪಿನಲ್ಲಿ ಕೂತವನಿಗೆ ಇನ್ನೂ ಆ ಹಕ್ಕು ಇದೆಯಾ ಅಂತ ಆಸ್ಪತ್ರೆಯ ಕಾನೂನಿನವರನ್ನು ಕೇಳಿದೆವು. ನೋಡಬೇಕು ಅಂದರು. ನೋಡುವ ತನಕ? ನೋಡುವ ತನಕ ನಿಲ್ಲಿಸಿ ಅಂದರು.

ಸಿಗುರ್ಡ್ಸನ್ ನನಗೆ ಹೇಳಿದರು. “ಹೋಗಿ ಡ್ರಿಪ್ಪಿನ ಪಂಪ್ ನಿಲ್ಲಿಸು ಲಿಗಾಯಾ.”

“ನಾನು ನಿಲ್ಲಿಸಲ್ಲ.”

“ಏನು?”

“ನಿಲ್ಲಲ್ಲ ಅಂತ ಅವಳ ಅಕ್ಕನಿಗೆ ಹೇಳಿದ್ದೀನಿ. ಔಷಧಿ ಮಾಡಿದವರು ನೀವು. ನಿಲ್ಲಿಸೋದಾದ್ರೆ ನೀವೇ ಬಂದು ನಿಲ್ಲಿಸಿ. ಅವಳ ಅಕ್ಕನ ಮುಖ ನೋಡ್ಕೊಂಡು ನಿಲ್ಲಿಸಿ.”

ಅಷ್ಟು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರ ಮುಖ ಕೆಂಪಾಯಿತು. ಆದರೆ ಬಂದರು. ಅಗಾಥಾ ತಂಗಿಯ ಅಂಗಾಲಿಗೆ ಎಣ್ಣೆ ಉಜ್ಜುತ್ತಿದ್ದಳು. ಡಾಕ್ಟರ್ ವಿಷಯ ಹೇಳಿ ಪಂಪಿನ ಮೇಲೆ ಬೆರಳಿಟ್ಟರು. ಬೆರಳು ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಒತ್ತಿದರು. ಪಂಪಿನ ಸದ್ದು ನಿಂತಾಗಲೇ ಅಲ್ಲಿ ಅಷ್ಟು ಹೊತ್ತು ಸದ್ದಿತ್ತು ಅಂತ ಗೊತ್ತಾಯಿತು.

ಅಗಾಥಾ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಎಣ್ಣೆಯ ಕೈ ಒರೆಸಿಕೊಂಡಳು, ಅಷ್ಟೆ.

“ಡಾಕ್ಟ್ರೇ, ನಿಮ್ಮ ಇಲಿಗಳಿಗೆ ಏಟು ಯಾರು ಕೊಡ್ತಾರೆ?”

“ನಾವೇ. ಒಂದು ಯಂತ್ರ ಇದೆ.”

“ಔಷಧಿನೂ ನೀವೇ ಕೊಡ್ತೀರಿ.”

“ಹೌದು.”

“ಅದಕ್ಕೇ ನಿಮಗೆ ಇದರಲ್ಲಿ ಏನೂ ತಪ್ಪು ಕಾಣಿಸ್ತಿಲ್ಲ. ಹೊಡೆದವನ ಹತ್ತಿರವೇ ಔಷಧಿಗೂ ಅಪ್ಪಣೆ ಕೇಳೋದು ನಿಮಗೆ ರೂಢಿ.”

ಡಾಕ್ಟರ್ ಹೊರಟುಹೋದರು. ಅವರಿಗೂ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಅವರಿಗೆ ಆಗ ಗೊತ್ತಿತ್ತೋ ಇಲ್ಲವೋ.

ಕಾನೂನಿನವರು ನೋಡಿ ಮುಗಿಸಿದ್ದು ಬುಧವಾರ. ಗಂಡನ ಹಕ್ಕು ಸದ್ಯಕ್ಕೆ ಇಲ್ಲ, ಅಕ್ಕ ಸಹಿ ಹಾಕಬಹುದು ಅಂದರು. ಅಗಾಥಾ ಪೆನ್ನು ಕೇಳಿದಳು. ಆದರೆ ನಮ್ಮ ಪರೀಕ್ಷೆಯ ನಿಯಮದಲ್ಲಿ, ಮಧ್ಯೆ ಅಷ್ಟು ಹೊತ್ತು ನಿಂತ ಡ್ರಿಪ್ಪನ್ನು ಮತ್ತೆ ಶುರು ಮಾಡುವ ಹಾಗಿಲ್ಲ. ಇದನ್ನು ನಾನೇ ಹೇಳಬೇಕಾಯಿತು. ಅವಳು ಪೆನ್ನು ವಾಪಸ್ ಕೊಟ್ಟಳು.

ಮೂರನೇ ವಾರ ಜಸ್ಟಿನಾ ಕಣ್ಣು ಬಿಟ್ಟಳು. ಮಾತು ಬಂದದ್ದು ಅದಕ್ಕೂ ಬಹಳ ತಡವಾಗಿ. ಬಲಗೈ ಸೋತಿತ್ತು, ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಪದಗಳು ನಾಲಿಗೆಗೆ ಬರುವಷ್ಟರಲ್ಲಿ ಕಳೆದುಹೋಗುತ್ತಿದ್ದವು. ಅಕ್ಕನ ಮನೆಗೆ ಹೋದಳು. ಬಸ್ಸಿನ ಪಾಳಿ ಬದಲಾಯಿಸಿಕೊಂಡು ಅಗಾಥಾ ಅವಳನ್ನು ನೋಡಿಕೊಂಡಳು. ಅಪ್ಪ ವಾರಕ್ಕೊಮ್ಮೆ ಬಂದು ಮೊಟ್ಟೆ, ಸಾಸೇಜು ಇಟ್ಟು, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಕ್ಷಮೆಯ ಮಾತು ಮತ್ತೆ ಎತ್ತಲಿಲ್ಲ.

ಆರು ತಿಂಗಳಿಗೆ ನಾನು ಅವರ ಮನೆಗೆ ಹೋದೆ. ಡ್ರಿಪ್ ನಿಂತರೂ ಪ್ರಶ್ನೆ ಕೇಳುವುದು ನಿಲ್ಲುವುದಿಲ್ಲ, ಅದೂ ನಿಯಮ. ಪರದೆ ಎಳೆದ ಕೋಣೆಯಲ್ಲಿ ಜಸ್ಟಿನಾ ಎಡಗೈಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ನಿದ್ದೆ, ತಲೆನೋವು, ಮರೆವು ಎಲ್ಲ ಕೇಳುತ್ತ ಹೋದೆ.

“ಮೊದಲಿಗಿಂತ ಸಿಟ್ಟು ಜಾಸ್ತಿ ಬರುತ್ತಾ?”

ಅಗಾಥಾ ಒಲೆಯ ಕಡೆಯಿಂದ ತಿರುಗಿದಳು. “ಇದೂ ಒಂದು ಪ್ರಶ್ನೇನಾ?”

“ಎಲ್ಲರಿಗೂ ಕೇಳ್ತೀವಿ. ತಲೆಗೆ ಪೆಟ್ಟಾದವರಿಗೆ ಸಿಟ್ಟು ಬರೋದು ಒಂದು ಲಕ್ಷಣ.”

“ಲಕ್ಷಣನಾ? ಸಣ್ಣವಳಿದ್ದಾಗ ಇವಳ ಕೈಯಿಂದ ಆಟದ ಸಾಮಾನು ಕಿತ್ಕೊಂಡ್ರೆ ಇನ್ನೊಂದು ತಂದು ಕೊಡೋಳು. ಸಿಟ್ಟು ಅನ್ನೋದೇ ಗೊತ್ತಿರಲಿಲ್ಲ. ಈಗ ಬಂದಿದೆ. ಅದನ್ನ ರೋಗ ಅಂತ ಬರ್ಕೋತೀರಾ?”

“ಅಕ್ಕಾ, ಸುಮ್ನಿರು,” ಅಂದಳು ಜಸ್ಟಿನಾ. “ನನ್ನನ್ನ ಕೇಳ್ತಿದ್ದಾರೆ.” ಮುಂದಿನ ಮಾತು ಬರಲು ಹೊತ್ತಾಯಿತು. ಬಾರದ ಪದಕ್ಕೆ ಅವಳು ಮೇಜು ಗುದ್ದಿದಳು, ಬಟಾಣಿ ಚೆಲ್ಲಿತು. “ಬರುತ್ತೆ. ದಿನಾ ಬರುತ್ತೆ. ತಟ್ಟೆ ಒಡೀತೀನಿ. ಅಕ್ಕನಿಗೂ ಬೈತೀನಿ, ಅದು ನನಗೆ ಇಷ್ಟ ಇಲ್ಲ. ಅಷ್ಟಕ್ಕೆ ಔಷಧಿ ಇದ್ರೆ ಕೊಡಿ. ಅವನ ಮೇಲೆ ಬರೋದು ಇದೆಯಲ್ಲ, ಅದನ್ನ ಮುಟ್ಟಬೇಡಿ.”

ನಾನು ಹಾಗೇ ಬರೆದುಕೊಂಡೆ. ಆ ಪ್ರಶ್ನೆಗೆ ಅಷ್ಟು ಉದ್ದದ ಉತ್ತರ ಬರೆಯಲು ಜಾಗ ಇರಲಿಲ್ಲ. ಕಾಗದ ತಿರುಗಿಸಿ ಹಿಂದೆ ಬರೆದೆ.

ಪರೀಕ್ಷೆ ಮುಗಿದು ಫಲಿತಾಂಶ ಬರಲು ಒಂದು ವರ್ಷದ ಮೇಲಾಯಿತು. ಹದಿನೇಳು ಉರಿಯೂತವನ್ನು ಇಳಿಸಿತ್ತು. ರಕ್ತದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಔಷಧಿ ಪಡೆದವರು ಪಡೆಯದವರಿಗಿಂತ ಚೆನ್ನಾಗಿ ನಡೆಯುತ್ತಾರೆ, ಮಾತಾಡುತ್ತಾರೆ, ಕೆಲಸಕ್ಕೆ ಮರಳುತ್ತಾರೆ ಅಂತ ಹೇಳುವ ಹಾಗಿರಲಿಲ್ಲ. ಇಪ್ಪತ್ತು ವರ್ಷದ ದುಡಿಮೆ. ಸಿಗುರ್ಡ್ಸನ್ ಎರಡು ದಿನ ಅಂಕಿಗಳನ್ನೇ ಮತ್ತೆ ಮತ್ತೆ ಕೂಡಿ ನೋಡಿದರು. ಮೂರನೇ ದಿನ ಅಕ್ಕತಂಗಿಯರನ್ನು ತಾವೇ ಕರೆಸಿದರು.

“ನಿಮಗೆ ಏನು ಕೊಟ್ಟಿದ್ವಿ ಅಂತ ಈಗ ಹೇಳಬಹುದು,” ಅಂದರು. “ಉಪ್ಪುನೀರು.”

ಕಾರ್ನಿಯ ಕೋಣೆಯ ಬಾಗಿಲು ಹಾಕಿಕೊಂಡು ಅಗಾಥಾ ಕೊಟ್ಟ ಮಾತು, ಮುರಿದ ಮಾತು, ಅಪ್ಪನ ಜೊತೆ ಆದ ಜಗಳ, ಎಲ್ಲ ಆ ಒಂದು ಚೀಲ ಉಪ್ಪುನೀರಿಗೆ.

“ಮತ್ತೆ ಇನ್ನೊಂದು,” ಅಂದರು ಡಾಕ್ಟರ್. “ಜಸ್ಟಿನಾಳನ್ನ ಕೊನೇ ಲೆಕ್ಕದಲ್ಲಿ ಸೇರಿಸಿಲ್ಲ. ಡ್ರಿಪ್ ನಿಂತಿತು ಅಂತಲ್ಲ. ಪೊಲೀಸ್ ಕೇಸಿಗೆ ಅಂತ ಸ್ಕ್ಯಾನ್ ಮತ್ತೆ ನೋಡಿದಾಗ ಹಳೇ ಪೆಟ್ಟಿನ ಗುರುತುಗಳು ಕಂಡವು. ಬೇರೆ ಬೇರೆ ಕಾಲದವು. ಮೊದಲೇ ತಲೆಗೆ ಪೆಟ್ಟಾದವರು ಈ ಪರೀಕ್ಷೆಗೆ ಹೊಂದಲ್ಲ ಅಂತ ನಾವೇ ನಿಯಮ ಮಾಡಿದ್ವಿ. ಫಲಿತಾಂಶ ಕಲಸುಮೇಲೋಗರ ಆಗುತ್ತೆ ಅಂತ.”

“ಅಂದ್ರೆ ಒಂದೇ ಸಲ ಹೊಡೆಸಿಕೊಂಡವರಿಗೆ ಮಾತ್ರ ನಿಮ್ಮ ಔಷಧಿ,” ಅಂದಳು ಅಗಾಥಾ.

“ನಿಯಮ ಮಾಡುವಾಗ ನಮ್ಮ ತಲೇಲಿ ಇದ್ದದ್ದು ಕಾರು, ಹಾಕಿ ಆಟ, ಸೈನ್ಯ. ಇದು ಹೊಳೆದಿರಲಿಲ್ಲ.”

ಜಸ್ಟಿನಾ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು. “ಅವನು ಹೊಡೆದ. ನಾನು ಬಿದ್ದೆ ಅಂತ ಎಲ್ಲರೂ ಬರ್ಕೊಂಡ್ರು. ಮೊದಲೂ ಹೊಡೆದಿದ್ದ ಅಂತ ಗೊತ್ತಾಯ್ತು, ಲೆಕ್ಕದಿಂದಲೇ ತೆಗೆದ್ರಿ.” ಉಸಿರು ಎಳೆದುಕೊಂಡಳು. “ನಾನು ಯಾರ ಲೆಕ್ಕಕ್ಕೂ ಇಲ್ಲ. ಅಲ್ವಾ?”

ಸಿಗುರ್ಡ್ಸನ್ ತಲೆ ಬಗ್ಗಿಸಿ ಕೂತಿದ್ದರು. “ನಾನು ಮಾಡಿದ್ದು ತಪ್ಪು,” ಅಂದರು. ಕ್ಷಮಿಸಿ ಅನ್ನಲಿಲ್ಲ. ಆ ಮಾತು ಆ ಮನೆಯವರ ಮೇಲೆ ಎಷ್ಟು ಭಾರ ಹೊರಿಸಿದೆ ಅಂತ ಅವರಿಗೆ ಗೊತ್ತಿತ್ತೇನೋ.

ಅಕ್ಕತಂಗಿಯರು ಹೋದ ಮೇಲೆ ಡಾಕ್ಟರೂ ನಾನೂ, ‘ಬಿದ್ದವರು’ ಅಂತ ಬರೆದು ಹೊಸ ಪೆಟ್ಟನ್ನಷ್ಟೇ ನೋಡಿ ಬಿಟ್ಟಿದ್ದ ಹೆಂಗಸರೆಲ್ಲರ ಸ್ಕ್ಯಾನುಗಳನ್ನು ಮತ್ತೆ ತೆರೆದೆವು. ಚಿತ್ರ ಓದಬಲ್ಲವರು ಪಕ್ಕದಲ್ಲಿ ಕೂತು ತೋರಿಸುತ್ತ ಹೋದರು. ಇಲ್ಲೊಂದು ಹಳೇ ಗಾಯ, ಇಲ್ಲಿ ಇನ್ನೊಂದು, ಇದು ಮಾಗಿದ್ದು, ಇದು ಮಾಗದೆ ಉಳಿದದ್ದು. ಅರ್ಧಕ್ಕಿಂತ ಹೆಚ್ಚು ಹೆಂಗಸರ ತಲೆಯಲ್ಲಿ ಇದ್ದವು. ಅವರ ಮಿದುಳಿನಲ್ಲಿ ಉರಿಯೂತ ಪೆಟ್ಟಿನ ದಿನ ಶುರುವಾದದ್ದೇ ಅಲ್ಲ, ವರ್ಷಗಳಿಂದ ಆರದೆ ಇದ್ದದ್ದು. ಬೂದಿ ಮುಚ್ಚಿದ ಕೆಂಡದ ಮೇಲೆ ಮತ್ತೆ ಮತ್ತೆ ಗಾಳಿ ಹಾಕಿದ ಹಾಗೆ. ಐದು ದಿನದ ಔಷಧಿ ಅದಕ್ಕೆ ಯಾವ ಮೂಲೆಗೆ? ಸಿಗುರ್ಡ್ಸನ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ನಾವು ಬೇರೇನೇ ರೋಗ ನೋಡ್ತಾ ಇದ್ವಿ ಲಿಗಾಯಾ,” ಅಂದರು.

ಹೊಸ ಪರೀಕ್ಷೆ ಶುರು ಮಾಡಬೇಕೆಂದು ಅವರು ಹೊರಟಾಗ ಔಷಧಿ ಕಂಪನಿ ಕೈ ತೊಳೆದುಕೊಂಡಿತು. ಬೇರೆ ಕಡೆಯಿಂದ ಅಷ್ಟಿಷ್ಟು ನೆರವು ತಂದು, ಸಣ್ಣದಾಗಿ, ಪದೇ ಪದೇ ಪೆಟ್ಟು ತಿಂದ ಹೆಂಗಸರಿಗೆ ಅಂತಲೇ ನಿಯಮ ಬರೆದೆವು. ಪೆಟ್ಟು ಹೇಗಾಯಿತು ಅನ್ನುವುದರಲ್ಲಿ ಅನುಮಾನ ಇದ್ದರೆ ಜೊತೆಗೆ ಬಾಳುವ ಗಂಡಸಿಗೆ ಸಹಿಯ ಹಕ್ಕಿಲ್ಲ, ಹಿಂತೆಗೆಯುವ ಹಕ್ಕೂ ಇಲ್ಲ. ಇದನ್ನು ಒಪ್ಪಿಸಲು ಆಸ್ಪತ್ರೆಯ ಸಮಿತಿಯ ಮುಂದೆ ನಾಲ್ಕು ಸಲ ಕೂತೆವು. ಕೊನೆಯ ಸಲ ಒಬ್ಬ ಹಿರಿಯರು ಕೇಳಿದರು. “ಏನೂ ಮಾಡದ ಗಂಡಂದಿರನ್ನೂ ಸುಮ್ಮನೆ ಅನುಮಾನಿಸಿದ ಹಾಗಾಗಲ್ವಾ? ಅವರಿಗೆ ಎಷ್ಟು ನೋವಾಗಬಹುದು?”

“ಆಗಲಿ,” ಅಂದೆ. “ಅವರ ನೋವಿಗೆ ತಲೆ ಕೊರೆದು ಒತ್ತಡ ಇಳಿಸಬೇಕಾಗಿಲ್ಲ.”

ನಾನು ಅಲ್ಲಿ ಮಾತಾಡಬೇಕಾದವಳೇ ಅಲ್ಲ, ಕಾಗದ ಹಂಚಲು ಹೋದವಳು. ಆಮೇಲೆ ಮೇಲಿನವರು ಕರೆಸಿ ಸಭ್ಯತೆಯ ಬಗ್ಗೆ ಪಾಠ ಹೇಳಿದರು. ನಿಯಮ ಮಾತ್ರ ಹಾಗೇ ಪಾಸಾಯಿತು.

ಕಾರ್ನಿಗೆ ಎರಡು ವರ್ಷಕ್ಕೂ ಕಡಿಮೆ ಶಿಕ್ಷೆ. ಅದನ್ನೂ ಪೂರ್ತಿ ಅನುಭವಿಸಲಿಲ್ಲ. ಹೊರಗೆ ಬಂದವನು ಸಭೆಯ ಮುಂದೆ ಅತ್ತನಂತೆ, ಸಭೆ ಕ್ಷಮಿಸಿತಂತೆ. ಕ್ಷಮಿಸಿದೆವು ಅಂದ ದಿನ ಅಬ್ರಾಮ್ ಲೋವೆನ್ ಎದ್ದು ಹೊರಗೆ ನಡೆದರು ಅಂತ ಅಗಾಥಾ ಹೇಳಿದಳು. ಕಾರ್ನಿ ಆಮೇಲೆ ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿರುವ ತಮ್ಮ ಪಂಗಡದವರ ಊರಿಗೆ ಹೋಗಿ ಅಲ್ಲೂ ಕಪಾಟು ಮಾಡುತ್ತಾನಂತೆ. ಮದುವೆಯಾಗುವ ಮಾತೂ ಇದೆಯಂತೆ.

ಹೊಸ ಪರೀಕ್ಷೆಗೆ ಬರುತ್ತೀಯಾ ಅಂತ ಡಾಕ್ಟರ್ ಜಸ್ಟಿನಾಳನ್ನು ಕೇಳಿದರು. ಹಳೆಯ ಉರಿಯೂತಕ್ಕೂ ಈಗ ಔಷಧಿ ಕೊಟ್ಟು ನೋಡುವ ಯೋಚನೆ ಇತ್ತು.

“ಇಲ್ಲ,” ಅಂದಳು. ಅಷ್ಟರಲ್ಲಿ ಅವಳು ಹಳೇ ಬಟ್ಟೆಯ ಅಂಗಡಿಯೊಂದರಲ್ಲಿ ಅರ್ಧ ದಿನ ಕೆಲಸಕ್ಕೆ ಹೋಗುತ್ತಿದ್ದಳು. “ನನ್ನ ತಲೆ ಇನ್ನು ಯಾರಿಗೂ ಕೊಡಲ್ಲ. ಬೇರೆಯವರಿಗೆ ಮಾಡಿ. ಸರಿಯಾಗಿ ಮಾಡಿ.”

ಡಾಕ್ಟರ್ ಒತ್ತಾಯ ಮಾಡಲಿಲ್ಲ.

ಹೊಸ ಪರೀಕ್ಷೆಗೆ ಮೊದಲು ಬಂದವಳು ಹೋಟೆಲಿನಲ್ಲಿ ಹಾಸಿಗೆ ಬದಲಿಸುವ ಹುಡುಗಿ, ಇಪ್ಪತ್ತೆರಡರ ಆಸುಪಾಸು. ಅವಳ ತಾಯಿ ಪೋರ್ಟೇಜ್ ಊರಿನಿಂದ ಕಾರು ಓಡಿಸಿಕೊಂಡು ಬಂದು ಸಹಿ ಹಾಕಿದಳು. ಹುಡುಗಿಯ ಜೊತೆಗಾರ ವಾರ್ಡಿನ ಬಾಗಿಲಾಚೆ ನಿಂತು ತನ್ನ ಹಕ್ಕಿನ ಬಗ್ಗೆ ಕೂಗುತ್ತಿದ್ದ. ಕಾವಲಿನವರು ಅವನನ್ನು ಒಳಗೆ ಬಿಡಲಿಲ್ಲ. ನಾನು ಚೀಲ ತೂಗುಹಾಕಿದೆ. ಒಳಗೆ ಔಷಧಿ ಇತ್ತೋ ಉಪ್ಪುನೀರೋ ನನಗೆ ಗೊತ್ತಿರಲಿಲ್ಲ. ಅವನು ಬಾಗಿಲು ಗುದ್ದುತ್ತಲೇ ಇದ್ದ. ತಾಯಿಗೆ ಕುರ್ಚಿ ಎಳೆದು ಕೊಟ್ಟು, ಪಂಪ್ ಶುರು ಮಾಡಿದೆ.